ಬೌದಿಲಿಯೊ ಆಮೆನ್ ಎನ್ನುವವರೆಗೆ

ಬೆಳಗಿನ ಏಳು ಗಂಟೆ ಹತ್ತು ನಿಮಿಷಕ್ಕೆ ಬೌದಿಲಿಯೊ ಶಿಕಾಯ್ ಓತಿಲಿಯಾ ಅಕ್ಕನ ಕಾಫಿ ಅಂಗಡಿಯಲ್ಲಿ ಕೂತಲ್ಲೇ ನಿದ್ದೆ ಹೋದ.

ಇದರಲ್ಲಿ ಸುದ್ದಿಯಾಗುವಂಥದ್ದು ಏನೂ ಇರಲಿಲ್ಲ. ಸಾಂತಾ ರೂಫಿನಾ ಊರಿನ ಕೆಳಗಿರುವ ಕಾಫಿ ಕಣದಲ್ಲಿ ಅವನದು ರಾತ್ರಿ ಕಾವಲು. ಕೊಯ್ಲಿನ ತಿಂಗಳುಗಳಲ್ಲಿ ರಾತ್ರಿಯೆಲ್ಲ ಕಣ್ಣು ತೆರೆದಿಟ್ಟವನು ಬೆಳಿಗ್ಗೆ ಅದನ್ನು ಮುಚ್ಚುವುದು ಸಹಜ. ಮನೆಗೆ ಹೋಗಿ ಮಲಗಬಹುದಿತ್ತಲ್ಲ ಎನ್ನುವವರು ಅವನ ಮನೆಯನ್ನು ನೋಡಿದವರಲ್ಲ. ಅವನ ಹೆಂಡತಿ ಕ್ಲೆಮೆನ್ಸಿಯಾ ಮನೆಯ ಮುಂದಿನ ಕೋಣೆಯಲ್ಲಿ ಮೆಕ್ಕೆಜೋಳದ ಗಿರಣಿ ಇಟ್ಟಿದ್ದಳು. ಬೇಯಿಸಿದ ಜೋಳದ ಬೋಗುಣಿಗಳನ್ನು ತಲೆಯ ಮೇಲೆ ಹೊತ್ತು ಬೆಳಗಿನ ಜಾವಕ್ಕೇ ಹೆಂಗಸರು ಸಾಲುಗಟ್ಟುತ್ತಿದ್ದರು. ರೊಟ್ಟಿಯ ಹಿಟ್ಟು ರುಬ್ಬುವ ಆ ಯಂತ್ರ ನಡೆಯುವಾಗ ಗೋಡೆಯ ಮೇಲಿನ ಕ್ಯಾಲೆಂಡರ್ ಕೂಡ ಮೊಳೆಯಿಂದ ಕೆಳಗೆ ಬೀಳುತ್ತಿತ್ತು. ಯಂತ್ರದ ಸದ್ದನ್ನು ಮೀರಿ ಮಾತಾಡಲು ಹೆಂಗಸರು ಕೂಗಬೇಕಿತ್ತು, ಅವರು ಕೂಗುತ್ತಿದ್ದರು. ಬೌದಿಲಿಯೊನ ಮಂಚ ಅದೇ ಗೋಡೆಯ ಆಚೆಗಿತ್ತು.

ಆದ್ದರಿಂದ ಅವನು ಕೆಲಸ ಮುಗಿಸಿ ಓತಿಲಿಯಾಳ ಅಂಗಡಿಗೆ ಬಂದ. ಮಧ್ಯದ ಮೇಜಿಗೆ ಕೂತ. ಎರಡು ಕೈಯನ್ನೂ ಮೇಜಿನ ಮೇಲಿಟ್ಟು, ತಲೆ ಬಗ್ಗಿಸಿ, ಕಣ್ಣು ಮುಚ್ಚಿದ.

ಪಕ್ಕದ ಮೇಜಿನಲ್ಲಿ ಚಂಪುರ್ರಾದಾ ಎಂಬ ಗಟ್ಟಿ ಬಿಸ್ಕತ್ತನ್ನು ಕಾಫಿಯಲ್ಲಿ ಅದ್ದುತ್ತಿದ್ದ ಬಸ್ ಚಾಲಕ ಎಲಿಯೋದೊರೊ ಅದನ್ನು ನೋಡಿ ಟೋಪಿ ತೆಗೆದ. ಅವನ ಜೊತೆಯವನು ಮಾತು ನಿಲ್ಲಿಸಿದ. ಅಂಗಡಿಯಲ್ಲಿದ್ದ ಉಳಿದವರೂ ಒಬ್ಬೊಬ್ಬರಾಗಿ ಮಾತು ನಿಲ್ಲಿಸಿದರು.

ಸಾಂತಾ ರೂಫಿನಾದ ಕ್ರೈಸ್ತ ಸಭೆಯವರಿಗೆ ಇದೊಂದು ಕಟ್ಟುನಿಟ್ಟು. ಯಾರಾದರೂ ತಲೆ ಬಗ್ಗಿಸಿ ಕಣ್ಣು ಮುಚ್ಚಿದರೆ ಅವರು ಪ್ರಾರ್ಥಿಸುತ್ತಿದ್ದಾರೆ ಎಂದರ್ಥ. ಅವರು ಆಮೆನ್ ಎನ್ನುವವರೆಗೆ ಸುತ್ತಲಿನವರು ಮಾತಾಡುವುದಿಲ್ಲ, ತಿನ್ನುವುದಿಲ್ಲ, ಎದ್ದು ಹೋಗುವುದಿಲ್ಲ. ಒಂದೇ ಮೇಜಿನಲ್ಲಿದ್ದರೆ ಕೈ ಕೈ ಹಿಡಿದುಕೊಳ್ಳುತ್ತಾರೆ. ಬೇರೆಯವರ ಪ್ರಾರ್ಥನೆಯನ್ನು ಅರ್ಧಕ್ಕೆ ಬಿಟ್ಟು ಹೋದವನ ಬಗ್ಗೆ ಈ ಊರಿನಲ್ಲಿ ವರ್ಷಗಟ್ಟಲೆ ಮಾತಾಡಿಕೊಂಡದ್ದುಂಟು.

ಎಲಿಯೋದೊರೊನ ಬಿಸ್ಕತ್ತು ಕಾಫಿಯಲ್ಲಿ ಕರಗಿ ತಳ ಸೇರಿತು. ಅವನ ಬಸ್ಸು ಚೌಕದಲ್ಲಿ ಪ್ರಯಾಣಿಕರನ್ನು ತುಂಬಿಕೊಂಡು ನಿಂತೇ ಇತ್ತು. ಕೊನೆಗೆ ಯಾರೋ ಆ ಬಸ್ಸಿನ ಹಾರನ್ ಬಾರಿಸಿದರು. ಬೌದಿಲಿಯೊ ಬೆಚ್ಚಿ ಎದ್ದು ಕಣ್ಣು ಬಿಟ್ಟಾಗ ಇಡೀ ಅಂಗಡಿ ಅವನನ್ನೇ ನೋಡುತ್ತಿತ್ತು. ಗಾಬರಿಯಲ್ಲಿ ಬಾಯಿಗೆ ಬಂದದ್ದು ಒಂದೇ ಮಾತು.

"ಆಮೆನ್," ಎಂದ.

"ಆಮೆನ್," ಎಂದಿತು ಅಂಗಡಿ.

"ಏನ್ ಪ್ರಾರ್ಥನೆ ಅಣ್ಣ ನಿಮ್ದು," ಎಂದ ಎಲಿಯೋದೊರೊ. ಸಭೆಯವರು ಒಬ್ಬರನ್ನೊಬ್ಬರು ಅಣ್ಣ, ಅಕ್ಕ ಎಂದೇ ಕರೆಯುವುದು, ವಯಸ್ಸು ಲೆಕ್ಕಕ್ಕಿಲ್ಲ. "ಒಂದ್ ಮಾತಿಲ್ಲ, ಕತೆಯಿಲ್ಲ. ಮಧ್ಯದಲ್ಲಿ ಗಂಟಲಿಂದ ಒಂಥರಾ ಸದ್ದು ಬಂತಲ್ಲ, ಅದು ಕೇಳಿ ನಂಗೆ ಮೈ ಜುಮ್ಮಂತು."

"ಅದು..." ಎಂದ ಬೌದಿಲಿಯೊ.

"ಹೇಳ್ಬೇಡಿ. ಅದೆಲ್ಲ ಹೇಳೋದಲ್ಲ."

ಬೌದಿಲಿಯೊ ಹೇಳಲಿಲ್ಲ. ಇದೇ ಅವನ ಮೊದಲ ತಪ್ಪು. ಎರಡನೆಯದು, ಮರುದಿನ ಬೆಳಿಗ್ಗೆಯೂ ಅದೇ ಮೇಜಿಗೆ ಬಂದದ್ದು. ಅವನ ಪರವಾಗಿ ಹೇಳಬಹುದಾದದ್ದು ಇಷ್ಟೇ: ಇಡೀ ಊರಿನಲ್ಲಿ ಅವನು ಕಣ್ಣು ಮುಚ್ಚಿದ ಕೂಡಲೇ ಸದ್ದು ಅಡಗುವ ಜಾಗ ಬೇರೊಂದಿರಲಿಲ್ಲ.

ವಾರ ಕಳೆಯುವುದರೊಳಗೆ ಜನ ಅವನ ಕಿವಿಯ ಬಳಿ ಬಂದು ಬೇಡಿಕೆಗಳನ್ನು ಪಿಸುಗುಟ್ಟತೊಡಗಿದರು. ಅವನು ಆಗ ಗಾಢ ನಿದ್ದೆಯಲ್ಲಿರುತ್ತಿದ್ದನಾದ್ದರಿಂದ ಯಾವುದನ್ನೂ ನಿರಾಕರಿಸಿದ ದಾಖಲೆಯಿಲ್ಲ. ಬ್ರೆಡ್ ಮಾರುವ, ಊರವರು ಗೌರವದಿಂದ ಡೋನ್ಯಾ ಎನ್ನುವ ಎಫಿಹೇನಿಯಾ ತನ್ನ ಕಳೆದುಹೋದ ಹಂದಿಗಾಗಿ ಕೇಳಿಕೊಂಡಳು. ಹಂದಿ ಸಂಜೆ ಮನೆಗೆ ಬಂತು. ಅದು ಪ್ರತಿ ಸಂಜೆಯೂ ಬರುತ್ತಿತ್ತು, ಅದನ್ನು ಕಳೆದುಹೋಯಿತು ಎನ್ನುವುದೇ ಸರಿಯಲ್ಲ ಎಂದು ಅವಳ ನೆರೆಯವರು ಹೇಳಿಕೆ ಕೊಟ್ಟರು. ಆದರೆ ಆ ಹೇಳಿಕೆಗೆ ಪ್ರಚಾರ ಸಿಗಲಿಲ್ಲ. ಊರಿನ ಫುಟ್‌ಬಾಲ್ ತಂಡದವರು ಬಂದು ಮೇಜಿನ ಸುತ್ತ ಮಂಡಿಯೂರಿದರು. ಭಾನುವಾರ ಎದುರು ತಂಡದವರ ಪಿಕಪ್ ಗಾಡಿ ದಾರಿಯಲ್ಲಿ ಕೆಟ್ಟು ಅವರು ಬರಲೇ ಇಲ್ಲ. ಇಷ್ಟು ಸಾಕಿತ್ತು.

ಗಿರಣಿಯಲ್ಲಿ ಈ ಸುದ್ದಿ ಯಂತ್ರದ ಸದ್ದಿಗಿಂತ ಮೇಲೆ ಕೇಳಿಸಿತು.

"ನಿಮ್ ಮನೆಯವ್ರು ಇಷ್ಟೊಂದು ಪ್ರಾರ್ಥನೆ ಮಾಡೋರು ಅಂತ ನೀನು ಹೇಳೇ ಇಲ್ವಲ್ಲೇ," ಎಂದು ಒಬ್ಬಾಕೆ ಕೂಗಿದಳು.

"ಯಾರ್ ಮನೆಯವ್ರು?" ಎಂದು ಕ್ಲೆಮೆನ್ಸಿಯಾ ಹಿಟ್ಟಿನ ಕೈ ಒರೆಸಿಕೊಂಡು ಕೂಗಿದಳು.

"ನಿನ್ನೋರು. ಬೌದಿಲಿಯೊ."

ಕ್ಲೆಮೆನ್ಸಿಯಾ ಯಂತ್ರ ನಿಲ್ಲಿಸಿದಳು. ಮಳೆಗಾಲದಲ್ಲಿ ವಿದ್ಯುತ್ ಹೋದಾಗ ಬಿಟ್ಟರೆ ಅದು ಆ ಹೊತ್ತಿನಲ್ಲಿ ನಿಂತದ್ದೇ ಇಲ್ಲ. "ನಮ್ಮನೆಯಲ್ಲಿ ಊಟಕ್ಕೆ ಕೂತ್ರೆ ನಾನು ಕೃತಜ್ಞತೆ ಹೇಳೋ ಅಷ್ಟರಲ್ಲಿ ಎರಡು ರೊಟ್ಟಿ ಮುಗಿಸಿರ್ತಾರೆ ಆ ಮಹಾನುಭಾವ," ಎಂದಳು.

"ಅದಕ್ಕೇ ಇರ್ಬೇಕು, ಹೊರಗಡೆ ಬಾಕಿ ತೀರಿಸ್ತಿದಾರೆ."

ಕ್ಲೆಮೆನ್ಸಿಯಾ ಯಂತ್ರವನ್ನು ಮತ್ತೆ ಶುರು ಮಾಡಿದಳು. ಅವಳ ಮುಖ ನೋಡಿದವರು, ಈ ವಿಷಯ ಇಲ್ಲಿಗೆ ನಿಲ್ಲುವುದಿಲ್ಲ ಎಂದುಕೊಂಡರು.

ಇನ್ನು ಈ ಕಾಫಿ ಅಂಗಡಿಯ ವಿಷಯ.

ಅದು ಮೊದಲು ಅಂಗಡಿಯಾಗಿರಲಿಲ್ಲ. ಬೆಳಗಿನ ನಕ್ಷತ್ರ ಸಭೆಯ ಆರಾಧನಾ ಮಂದಿರವಾಗಿತ್ತು. ಸಭೆ ಕಟ್ಟಿದ ಪಾಸ್ಟರ್ ಮಕಾರಿಯೊ ಓತಿಲಿಯಾಳ ಗಂಡ. ಅವರು ತೀರಿಕೊಂಡ ಮೇಲೆ ಅವರ ಇಬ್ಬರು ಶಿಷ್ಯರಾದ ನಿಕಾನೋರ್ ಮತ್ತು ಫೆಲಿಸಿಯಾನೊ ಜೊತೆಯಾಗಿ ಸಭೆ ನಡೆಸಿದರು. ಜೊತೆಯಾಗಿ ನಡೆಸಿದ್ದು ಒಂದು ಮಳೆಗಾಲದ ಮಟ್ಟಿಗೆ. ಜಗಳ ಬಂದದ್ದು ಕಾಫಿಯ ಮೇಲೆ. ಭಾನುವಾರ ಸಭೆಯವರಿಗೆ ಕೊಡುವ ಕಾಫಿಯನ್ನು ಆರಾಧನೆಗೆ ಮೊದಲು ಕೊಡಬೇಕು, ಇಲ್ಲದಿದ್ದರೆ ಜನ ಪ್ರಸಂಗದಲ್ಲಿ ತೂಕಡಿಸುತ್ತಾರೆ ಎಂದು ನಿಕಾನೋರ್. ಆರಾಧನೆಯ ನಂತರ ಕೊಡಬೇಕು, ಇಲ್ಲದಿದ್ದರೆ ಜನ ಕಾಫಿ ಕುಡಿದು ಮನೆಗೆ ಹೋಗುತ್ತಾರೆ ಎಂದು ಫೆಲಿಸಿಯಾನೊ. ಇಬ್ಬರ ಬಳಿಯೂ ಧರ್ಮಶಾಸ್ತ್ರದ ಆಧಾರಗಳಿದ್ದವು. ಫೆಲಿಸಿಯಾನೊ ಹೊರಟು ಹೋಗಿ ಊರಿನ ಮೇಲಿನ ಕೇರಿಯಲ್ಲಿ ತಗಡಿನ ಚಾವಣಿಯ ಕೆಳಗೆ 'ನಿಜವಾದ ಬೆಳಗಿನ ನಕ್ಷತ್ರ ಸಭೆ' ಆರಂಭಿಸಿದರು. ಹಳೆಯ ಮಂದಿರದ ಮೇಲೆ ಇಬ್ಬರಿಗೂ ಹಕ್ಕಿತ್ತು. ಆದ್ದರಿಂದ ಇಬ್ಬರೂ ಅದಕ್ಕೆ ಬೀಗ ಹಾಕಿದರು. ನಿಕಾನೋರ್ ಕೆಳಗಿನ ಕೇರಿಗೆ ಹೋದರು.

ಎಂಟು ವರ್ಷ ಇಬ್ಬರೂ ಮಾತಾಡಲಿಲ್ಲ.

ಓತಿಲಿಯಾ ಎರಡು ಬೀಗವನ್ನೂ ಒಡೆಸಿ ಅಲ್ಲಿ ಕಾಫಿ ಅಂಗಡಿ ತೆರೆದಳು. ಒಂದೇ ಸೂರಿನ ಕೆಳಗೆ ಕಾಫಿ ಕುಡಿದರೆ ಎರಡು ಸಭೆಯವರೂ ಮತ್ತೆ ಅನ್ಯೋನ್ಯವಾದಾರು ಎಂಬುದು ಅವಳ ಆಸೆ. ಜನ ಬಂದರು. ಮೇಲಿನ ಕೇರಿಯವರು ಎಡಗಡೆಯ ಬೆಂಚುಗಳಲ್ಲಿ, ಕೆಳಗಿನ ಕೇರಿಯವರು ಬಲಗಡೆಯ ಬೆಂಚುಗಳಲ್ಲಿ ಕೂತರು. ನಡುವಿನ ಒಂದು ಮೇಜು ಖಾಲಿ ಉಳಿಯಿತು. ಅಲ್ಲಿ ಬೌದಿಲಿಯೊ ಕೂರುತ್ತಿದ್ದ. ಭಾನುವಾರಗಳಲ್ಲಿ ನಿದ್ದೆ ಮಾಡುವ ಅವನು ಎರಡೂ ಸಭೆಗೆ ಹೋಗುತ್ತಿರಲಿಲ್ಲ. ಎರಡೂ ಸಭೆಯವರು ಅವನನ್ನು ತಮ್ಮ ಸದಸ್ಯನೆಂದು ಎಣಿಸಿಕೊಂಡಿದ್ದರು.

ಈ ವ್ಯವಸ್ಥೆ ಹೀಗೇ ನಡೆಯುತ್ತಿತ್ತು. ಅಷ್ಟರಲ್ಲಿ ಇಬ್ಬರು ಪಾಸ್ಟರುಗಳೂ ಎಂಟು ವರ್ಷಗಳಲ್ಲಿ ಮೊದಲ ಬಾರಿಗೆ ಒಂದು ವಿಷಯದಲ್ಲಿ ಒಮ್ಮತಕ್ಕೆ ಬಂದರು. ಮಂದಿರದ ನಡುವೆ ಗೋಡೆ ಎಬ್ಬಿಸುವುದು. ಒಂದು ಅರ್ಧ ಇವರಿಗೆ, ಒಂದು ಅರ್ಧ ಅವರಿಗೆ. ಗೋಡೆ ಬಾಗಿಲಿನಿಂದ ಹೊರಟು, ಮಧ್ಯದ ಮೇಜಿನ ಜಾಗವನ್ನು ದಾಟಿ, ಓತಿಲಿಯಾಳ ಒಲೆಯ ಮೇಲೆ ಹಾದುಹೋಗಬೇಕಿತ್ತು. ಒಲೆ ಹೋದರೆ ಅಂಗಡಿ ಹೋದಂತೆ. ಶುಕ್ರವಾರ ಬೆಳಿಗ್ಗೆ ಪುರಸಭೆಯ ಕಾರ್ಯದರ್ಶಿಗಳ ಎದುರಿನಲ್ಲಿ ಸಹಿ, ಸಹಿಯಾದ ಕೂಡಲೇ ಗೋಡೆ ಕೆಲಸ ಎಂದು ನಿಗದಿಯಾಯಿತು.

ಗುರುವಾರ ಬೌದಿಲಿಯೊ ಕಾಲ ಬುಡದಲ್ಲಿ ಸುಣ್ಣದ ಗೆರೆ ನೋಡಿ ಓತಿಲಿಯಾಳನ್ನು ಕೇಳಿದ: "ಅಕ್ಕ, ಇದೇನಿದು?"

"ಗೋಡೆ ಬರೋ ಜಾಗ."

"ಮತ್ತೆ ನಾನು?"

"ನಿನ್ ಎಡಗಾಲು ಫೆಲಿಸಿಯಾನೊಗೆ, ಬಲಗಾಲು ನಿಕಾನೋರ್‌ಗೆ," ಎಂದಳು ಓತಿಲಿಯಾ. "ನಾನು ಮಗಳ ಮನೆಗೆ ಹೋಗಿ ಬಾಳೆಹಣ್ಣು ಮಾರ್ಕೊಂಡಿರ್ತೀನಿ. ಕುಡಿ, ಕಾಫಿ ಆರ್ತಾ ಇದೆ."

ಆ ದಿನ ಮಾತ್ರ ಬೌದಿಲಿಯೊಗೆ ಸರಿಯಾಗಿ ನಿದ್ದೆ ಬರಲಿಲ್ಲ.

ಶುಕ್ರವಾರ ಬಂತು. ಬೌದಿಲಿಯೊ ಎಂದಿನಂತೆ ಬಂದು ಕೂತ. ಓತಿಲಿಯಾ ಕೇಳದೆಯೇ ಎರಡು ಲೋಟ ತಂದಿಟ್ಟಳು. ಎರಡನ್ನೂ ಅವನು ಕುಡಿದ. ಕುಡಿದು, ಹಿಂದಿನ ದಿನದ ಬಾಕಿಯನ್ನೂ ಸೇರಿಸಿ ಕಲ್ಲು ನೀರಿಗೆ ಬಿದ್ದಂತೆ ನಿದ್ದೆಗೆ ಬಿದ್ದ.

ಅವನಿಗೆ ಎಚ್ಚರವಾದದ್ದು ಕೈಗಳಿಂದ. ಬಲಗೈಯನ್ನು ಒರಟಾದ ದೊಡ್ಡ ಅಂಗೈಯೊಂದು ಹಿಡಿದಿತ್ತು. ಎಡಗೈಯನ್ನು ಉಂಗುರವಿದ್ದ ತೆಳ್ಳನೆಯ ಕೈಯೊಂದು ಹಿಡಿದಿತ್ತು. ಎರಡೂ ಬೆವರುತ್ತಿದ್ದವು. ಬೌದಿಲಿಯೊ ಎಡಗಣ್ಣನ್ನು ನೂಲಿನಷ್ಟು ತೆರೆದ. ಬಲಕ್ಕೆ ಪಾಸ್ಟರ್ ನಿಕಾನೋರ್, ಎಡಕ್ಕೆ ಪಾಸ್ಟರ್ ಫೆಲಿಸಿಯಾನೊ. ಎದುರಿಗೆ, ಒಂದೊಂದು ಕೈಯನ್ನು ಒಬ್ಬೊಬ್ಬ ಪಾಸ್ಟರಿಗೆ ಒಪ್ಪಿಸಿಕೊಂಡು, ಪುರಸಭೆಯ ಕಾರ್ಯದರ್ಶಿ ಡೋನ್ ರೋಮುಲೊ. ಬೌದಿಲಿಯೊ ಕಣ್ಣನ್ನು ಬೇಗ ಮುಚ್ಚಿದ.

ನಡೆದದ್ದು ಇಷ್ಟು. ಸಹಿ ಹಾಕಲು ಮೂವರೂ ಮಧ್ಯದ ಮೇಜಿಗೆ ಬಂದಿದ್ದರು. ಕಾರ್ಯದರ್ಶಿ ಮಾತು ತೆಗೆಯುವಷ್ಟರಲ್ಲಿ ಓತಿಲಿಯಾ ತುಟಿಯ ಮೇಲೆ ಬೆರಳಿಟ್ಟು ಬೌದಿಲಿಯೊನನ್ನು ತೋರಿಸಿದ್ದಳು. ಫೆಲಿಸಿಯಾನೊ ನೋಡುತ್ತಿರುವಾಗ ಪ್ರಾರ್ಥನೆಯನ್ನು ಕಡೆಗಣಿಸುವುದು ನಿಕಾನೋರ್‌ರಿಂದ ಆಗಲಿಲ್ಲ. ಅವರು ಕೂತು ಬೌದಿಲಿಯೊನ ಬಲಗೈ ಹಿಡಿದರು. ನಿಕಾನೋರ್ ಹಿಡಿದ ಮೇಲೆ ಫೆಲಿಸಿಯಾನೊ ಎಡಗೈ ಹಿಡಿಯದೆ ಇರುವಂತಿರಲಿಲ್ಲ. ವೃತ್ತ ಪೂರ್ತಿಯಾಗಬೇಕಾದರೆ ಉಳಿದ ಎರಡು ಕೈಗಳು ಒಂದನ್ನೊಂದು ಹಿಡಿಯಬೇಕಿತ್ತು. ಇಬ್ಬರೂ ಒಟ್ಟಿಗೆ ಕಾರ್ಯದರ್ಶಿಯ ಕಡೆಗೆ ನೋಡಿದರು. ಅವರು ಕ್ಯಾಥೊಲಿಕ್, ಬೆಳಿಗ್ಗೆಯಿಂದ ಏನೂ ತಿಂದಿರಲಿಲ್ಲ, ಇವರ ಪದ್ಧತಿ ಗೊತ್ತಿರಲಿಲ್ಲ. ಎರಡು ಕೈಯೂ ಸಿಕ್ಕಿಬಿದ್ದವು.

"ಎಷ್ಟೊತ್ತು ಇದು?" ಎಂದು ಕಾರ್ಯದರ್ಶಿ ಪಿಸುಗುಟ್ಟಿದರು.

"ಆಮೆನ್ ಅನ್ನೋವರ್ಗೂ," ಎಂದರು ನಿಕಾನೋರ್.

"ಸಾಮಾನ್ಯವಾಗಿ ಯಾವಾಗ ಅಂತಾರೆ?"

"ಅದು ಪವಿತ್ರಾತ್ಮನಿಗೆ ಬಿಟ್ಟಿದ್ದು," ಎಂದರು ಫೆಲಿಸಿಯಾನೊ.

"ಆಮೆನ್ ಅಂದ ತಕ್ಷಣ ಸಹಿ ಹಾಕ್ಬಿಡಿ ಇಬ್ರೂ. ಗಾರೆಯವ್ನು ಹೊರಗೆ ಕಾಯ್ತಿದಾನೆ. ಇವತ್ತಾಗ್ಲಿಲ್ಲ ಅಂದ್ರೆ ನಾನು ಮುಂದಿನ್ ತಿಂಗಳು ಬರೋದು."

ಬೌದಿಲಿಯೊ ಆಮೆನ್ ಎನ್ನಲು ಬಾಯಿ ತೆರೆದಿದ್ದವನು ಮುಚ್ಚಿದ. ಅವನು ಬುದ್ಧಿವಂತನೆಂದು ಯಾರೂ ಹೇಳಿದ್ದಿಲ್ಲ. ಆದರೆ ಇಷ್ಟು ಅವನಿಗೂ ಅರ್ಥವಾಯಿತು. ತಾನು ಆಮೆನ್ ಎಂದರೆ ಗೋಡೆ. ಗೋಡೆಯೆಂದರೆ ಓತಿಲಿಯಾಗೆ ಬಾಳೆಹಣ್ಣು, ತನಗೆ ಗಿರಣಿ. ಅನ್ನದಿರುವವರೆಗೆ ಎರಡೂ ಇಲ್ಲ. ಜೀವಮಾನದಲ್ಲಿ ಮೊದಲ ಸಲ ಅವನು ಹಗಲು ಹೊತ್ತಿನಲ್ಲಿ ನಿದ್ದೆ ಬಾರದಿರಲೆಂದು ಪ್ರಯತ್ನಪಟ್ಟ, ಮತ್ತು ಬಂದಂತೆ ಕಾಣಲೆಂದೂ ಪ್ರಯತ್ನಪಟ್ಟ. ಎರಡನ್ನೂ ಒಟ್ಟಿಗೆ ಮಾಡುವುದು ಸುಲಭವಲ್ಲ. ಗಂಟಲಿನಿಂದ ಒಂದು ಸದ್ದು ತೆಗೆದು ನೋಡಿದ.

"ಕೇಳಿದ್ರಾ," ಎಂದ ಹಿಂದಿನ ಬೆಂಚಿನಿಂದ ಎಲಿಯೋದೊರೊ. "ಇದೇ, ಇದೇ ಸದ್ದು."

ಬಾಗಿಲಲ್ಲಿ ಗಾರೆಯ ಡೋನ್ ಗೊಯೊ ಟೋಪಿಯನ್ನು ಎದೆಗೊತ್ತಿ ನಿಂತಿದ್ದ. ಹೊರಗೆ ತಳ್ಳುಗಾಡಿಯಲ್ಲಿ ಸಿಮೆಂಟು ಕಲಸಿಟ್ಟು ಬಂದಿದ್ದ.

"ಸೆಕ್ರೆಟರಿ ಸಾಹೇಬ್ರೆ," ಎಂದ ಮೆಲ್ಲಗೆ, "ಸಿಮೆಂಟು ಬಿಗೀತಾ ಇದೆ."

"ನೀರು ಹಾಕು."

"ಹಾಕಿದೀನಿ. ಬಿಸಿಲು ಜಾಸ್ತಿ."

"ಇನ್ನೊಂದ್ ಸ್ವಲ್ಪ ಹಾಕು."

"ಇನ್ನು ಹಾಕಿದ್ರೆ ಅದು ಸಾರು, ಗೋಡೆ ಅಲ್ಲ," ಎಂದು ಡೋನ್ ಗೊಯೊ ಹೊರಗೆ ಹೋಗಿ ನೋಡಿ ಬಂದ. ಮತ್ತೆ ಹೋಗಿ ನೋಡಿ ಬಂದ. ಅವನು ಹೋಗಿ ಬರುವಾಗಲೆಲ್ಲ ಬೀದಿಯವರು ಏನಾಯಿತೆಂದು ಕೇಳುತ್ತಿದ್ದರು, ಅವನು ಹೇಳುತ್ತಿದ್ದ, ಕೇಳಿದವರು ಒಳಗೆ ಬಂದು ನಿಲ್ಲುತ್ತಿದ್ದರು. ಡೋನ್ ಗೊಯೊ ಸಭೆಯವನಲ್ಲ; ಉಳಿದವರು ಒಮ್ಮೆ ಒಳಗೆ ಬಂದರೆ ಹೊರಗೆ ಹೋಗುವಂತಿರಲಿಲ್ಲ. ಅಂಗಡಿ ತುಂಬಿತು. ಎಡ ಬಲ ಎನ್ನುವ ವ್ಯವಸ್ಥೆ ಜಾಗದ ಕೊರತೆಯಿಂದ ಮುರಿದುಬಿತ್ತು.

ಕಾರ್ಯದರ್ಶಿಯ ಹೊಟ್ಟೆ ಗುರ್ರೆಂದದ್ದು ಎಲ್ಲರಿಗೂ ಕೇಳಿಸಿತು. ಓತಿಲಿಯಾಗೆ ಕರುಣೆ ಬಂತು. "ಅವ್ರು ನಮ್ಮೋರಲ್ಲ, ಅವ್ರಿಗೆ ನಿಯಮ ಇಲ್ಲ," ಎಂದು ಒಂದು ಚಂಪುರ್ರಾದಾವನ್ನು ಕಾಫಿಯಲ್ಲಿ ಅದ್ದಿ ಅವರ ಬಾಯಿಗಿಟ್ಟಳು. ಕೈ ಎರಡೂ ಪಾಸ್ಟರುಗಳ ವಶದಲ್ಲಿದ್ದುದರಿಂದ ಪುರಸಭೆಯ ಕಾರ್ಯದರ್ಶಿ ಮಗುವಿನಂತೆ ಬಾಯಿ ತೆರೆದು ತಿಂದರು.

"ಚೆನ್ನಾಗಿದೆ," ಎಂದರು ಅಗಿಯುತ್ತ. "ಇನ್ನೊಂದಿದ್ಯಾ?"

ಆಗಲೇ ಜನರನ್ನು ತಳ್ಳಿಕೊಂಡು ಕ್ಲೆಮೆನ್ಸಿಯಾ ಒಳಗೆ ಬಂದಳು. ಬೌದಿಲಿಯೊ ಕಣ್ಣು ತೆರೆಯದೆಯೇ ಅದನ್ನು ತಿಳಿದ. ಹಸಿ ಜೋಳದ ಹಿಟ್ಟಿನ ವಾಸನೆ ಬಂದಿತ್ತು.

"ಎಲ್ಲಿ ನಮ್ಮ ಸಂತರು?" ಎಂದಳು ಅವಳು. ಮೇಜಿನ ಬಳಿ ಬಂದು ಬಗ್ಗಿ ಗಂಡನ ಮುಖವನ್ನು ನೋಡಿದಳು. ಅವಳ ಉಸಿರು ಅವನ ಕೆನ್ನೆಗೆ ತಾಕಿತು. ಇಪ್ಪತ್ತು ವರ್ಷ ಅದೇ ಮುಖದ ಪಕ್ಕದಲ್ಲಿ ಮಲಗಿದವಳು. "ಇದಾ ಪ್ರಾರ್ಥನೆ? ಓತಿಲಿಯಾ ಅಕ್ಕ, ಇವ್ರು..."

ಓತಿಲಿಯಾ ಅವಳ ತೋಳು ಹಿಡಿದು ಪಕ್ಕಕ್ಕೆ, ಅಂದರೆ ಸರಿಯಾಗಿ ಬೌದಿಲಿಯೊನ ಕಿವಿಯ ಹಿಂದಕ್ಕೆ, ಎಳೆದಳು.

"ಗೊತ್ತು ಕಣೇ," ಎಂದು ಪಿಸುಗುಟ್ಟಿದಳು.

"ಏನ್ ಗೊತ್ತು?"

"ಮೊದಲ್ನೇ ದಿನದಿಂದ ಗೊತ್ತು. ಅವ್ನಿಗೆ ನಾನು ಕೊಡ್ತಿರೋದು ಕಾಫಿ ಅಂದ್ಕೊಂಡಿದೀಯಾ? ಹುರಿದ ಜೋಳದ ಕಷಾಯ. ಕಾಫಿ ಕೊಟ್ರೆ ಎಚ್ಚರ ಆಗ್ಬಿಡ್ತಾನೆ ಅಂತ. ಇವತ್ತು ಎರಡು ಲೋಟ ಕೊಟ್ಟಿದೀನಿ, ನಿನ್ನಾಣೆ ಎಬ್ಬಿಸ್ಬೇಡ. ಆ ಸಿಮೆಂಟು ಗಟ್ಟಿಯಾಗೋವರ್ಗೂ."

ಕ್ಲೆಮೆನ್ಸಿಯಾ ಸುತ್ತಲಿನ ಗೋಡೆಗಳನ್ನು ನೋಡಿದಳು. ಅವಳು ಮಕಾರಿಯೊ ಪಾಸ್ಟರ್ ಕೈಯಲ್ಲಿ ಈ ಮಂದಿರದಲ್ಲೇ ಮದುವೆಯಾದವಳು. ಯೋಚಿಸಿ, ಎಲ್ಲರಿಗೂ ಕೇಳಿಸುವಂತೆ ಹೇಳಿದಳು: "ಮಾಡ್ಲಿ, ಮಾಡ್ಲಿ. ನಮ್ಮೋರು ಹೀಗೆ ಶುರು ಮಾಡಿದ್ರೆ ಅರ್ಧಕ್ಕೆ ಬಿಡೋರೇ ಅಲ್ಲ. ಮನೇಲಿ ದಿನಾ ನೋಡ್ತೀನಲ್ಲ."

ಹೇಳಿ, ಗಂಡನ ಬೆನ್ನಿನ ಮಾಂಸವನ್ನು ಎರಡು ಬೆರಳಲ್ಲಿ ಹಿಡಿದು ಚೆನ್ನಾಗಿ ತಿರುಚಿದಳು. ಬೌದಿಲಿಯೊ ನರಳಿದ. ಹಿಂದಿನ ಬೆಂಚುಗಳಲ್ಲಿ ಇಬ್ಬರು ಹೆಂಗಸರು ಅತ್ತರು.

ಮುಂದಿನ ತೊಡಕು ಕಾರ್ಯದರ್ಶಿಯ ಜೇಬಿನಿಂದ ಬಂತು. ಅವರ ಫೋನಿನಲ್ಲಿ ಮರಿಂಬಾ ವಾದ್ಯದ ಮದುವೆ ಕುಣಿತದ ಸಂಗೀತ ಜೋರಾಗಿ ಶುರುವಾಯಿತು. ತೆಗೆಯಲು ಕೈಯಿರಲಿಲ್ಲ. ಮರಿಂಬಾ ಪೂರ್ತಿ ಒಂದು ಸುತ್ತು ನುಡಿಸಿ ನಿಂತಿತು. ಮತ್ತೆ ಶುರುವಾಯಿತು.

"ಮೇಯರ್ ಅದು," ಎಂದರು ಕಾರ್ಯದರ್ಶಿ. "ಬಿಡಿ ನನ್ನ."

"ಪ್ರಾರ್ಥನೆ ನಡೀತಿದೆ," ಎಂದರು ನಿಕಾನೋರ್.

"ನಿಮ್ ಪ್ರಾರ್ಥನೆ. ನನ್ ಮೇಯರ್."

"ವೃತ್ತ ಮುರಿಯುತ್ತೆ," ಎಂದರು ಫೆಲಿಸಿಯಾನೊ.

"ಮುರಿಯಲ್ಲ, ತಗೊಳ್ಳಿ," ಎಂದು ಕಾರ್ಯದರ್ಶಿ ಎದ್ದರು. ಎದ್ದು, ಬಸ್ಸಿನಲ್ಲಿ ಒಬ್ಬರ ಬುಟ್ಟಿಯನ್ನು ಇನ್ನೊಬ್ಬರ ತೊಡೆಯ ಮೇಲಿಡುವ ಹಾಗೆ, ನಿಕಾನೋರ್ ಅವರ ಕೈಯನ್ನು ಫೆಲಿಸಿಯಾನೊ ಅವರ ಕೈಯಲ್ಲಿಟ್ಟರು. "ಸ್ವಲ್ಪ ಹಿಡ್ಕೊಂಡಿರಿ, ಬಂದೆ."

ಎಂಟು ವರ್ಷಗಳ ಬಳಿಕ ಆ ಎರಡು ಕೈಗಳು ಒಂದರಲ್ಲೊಂದು ಸೇರಿದ್ದವು, ಮತ್ತು ಬೌದಿಲಿಯೊ ಆಮೆನ್ ಎನ್ನುವವರೆಗೆ ಬಿಡಿಸಿಕೊಳ್ಳುವ ದಾರಿಯಿರಲಿಲ್ಲ. ಮೊದಲು ಬಿಟ್ಟವರು ಕಡಿಮೆ ದೈವಭಕ್ತರೆಂದು ಊರೆಲ್ಲ ತೀರ್ಮಾನಿಸುತ್ತಿತ್ತು. ಇಬ್ಬರೂ ಬೌದಿಲಿಯೊನ ನೆತ್ತಿಯನ್ನೇ ನೋಡುತ್ತ ಕೂತರು. ಬೌದಿಲಿಯೊಗೆ ನೆತ್ತಿ ತುರಿಸತೊಡಗಿತು.

ಬಹಳ ಹೊತ್ತಿನ ಮೇಲೆ ನಿಕಾನೋರ್ ಮಂಡಿಯನ್ನು ಅತ್ತಿತ್ತ ಸರಿಸಿದರು. ಮತ್ತೆ ಸರಿಸಿದರು.

"ಮಂಡಿನಾ?" ಎಂದರು ಫೆಲಿಸಿಯಾನೊ, ಯಾರನ್ನೂ ನೋಡದೆ.

"ಹೂಂ."

"ಅದೇ ಮಂಡಿನಾ?"

"ಇನ್ಯಾವ್ದು. ಈ ಮಂದಿರದ ತೊಲೆ ಹೊರುವಾಗ ನೀನು ನಿನ್ ಕಡೆ ತುದಿ ಕೈಬಿಟ್ಯಲ್ಲ, ಅದೇ ಮಂಡಿ."

"ನಾನು ಕೈಬಿಡ್ಲಿಲ್ಲ. ಜಾರಿತು."

"ಇಪ್ಪತ್ ವರ್ಷದಿಂದ ಜಾರಿತು ಅಂತಿದೀಯ."

"ಆಮೇಲೆ ನಿನ್ನ ಆಸ್ಪತ್ರೆಗೆ ಬೆನ್ನ ಮೇಲೆ ಹೊತ್ಕೊಂಡು ಹೋದೋರು ಯಾರು?"

ಬೌದಿಲಿಯೊನ ಬಲಗೈಯಲ್ಲಿದ್ದ ಬಿಗಿ ಸ್ವಲ್ಪ ಸಡಿಲವಾಯಿತು.

"ಕಾಲು ಚಾಚು," ಎಂದರು ಫೆಲಿಸಿಯಾನೊ. "ಮೇಜಿನ ಕೆಳಗೆ ನನ್ ಕಡೆ ಜಾಗ ಇದೆ."

ನಿಕಾನೋರ್ ಕಾಲು ಚಾಚಿದರು. ಅದು ಸುಣ್ಣದ ಗೆರೆಯನ್ನು ದಾಟಿ ಒಂದು ಮೊಳ ಆಚೆ ಹೋಯಿತು.

ಕಾರ್ಯದರ್ಶಿ ಫೋನ್ ಮುಗಿಸಿ ಬಾಗಿಲಲ್ಲಿ ನಿಂತಿದ್ದರು. ಮೇಯರ್ ಬೈದಿದ್ದರಿಂದ ಅವರಿಗೂ ಎಲ್ಲವನ್ನೂ ಮುಗಿಸುವ ಅವಸರ. "ಅಲ್ಲ ಸ್ವಾಮಿ," ಎಂದರು, "ಇಷ್ಟಕ್ಕೂ ಜಗಳ ಕಾಫಿದು ತಾನೆ? ಅರ್ಧ ಲೋಟ ಮೊದ್ಲು ಕೊಡಿ, ಅರ್ಧ ಲೋಟ ಆಮೇಲೆ ಕೊಡಿ. ಗೋಡೆ ಯಾಕೆ ಬೇಕು?"

ಇಬ್ಬರು ಪಾಸ್ಟರುಗಳೂ ಒಟ್ಟಿಗೆ ತಲೆಯೆತ್ತಿ ಅವರನ್ನು ನೋಡಿದರು.

"ಸಾಹೇಬ್ರೆ, ಇದು ನಿಮಗೆ ಅರ್ಥ ಆಗೋ ವಿಷಯ ಅಲ್ಲ," ಎಂದರು ನಿಕಾನೋರ್.

"ಅರ್ಧ ಲೋಟ ಅನ್ನೋದು ಧರ್ಮಶಾಸ್ತ್ರದಲ್ಲೇ ಇಲ್ಲ," ಎಂದರು ಫೆಲಿಸಿಯಾನೊ.

"ಎಲ್ಲೂ ಇಲ್ಲ," ಎಂದರು ನಿಕಾನೋರ್.

"ಹೇಳು ಅವರಿಗೆ."

"ಹೇಳ್ತಾನೇ ಇದೀನಿ."

ಇದು ಎಂಟು ವರ್ಷಗಳಲ್ಲಿ ಅವರು ಒಪ್ಪಿದ ಎರಡನೆಯ ವಿಷಯ. ಕಾರ್ಯದರ್ಶಿಗಳಿಗೆ ಕಾಫಿಯ ಸಿದ್ಧಾಂತವನ್ನು ವಿವರಿಸಲು ಇಬ್ಬರೂ ಸೇರಿ ತೊಡಗಿದರು; ಒಬ್ಬರು ಬಿಟ್ಟ ಮಾತನ್ನು ಇನ್ನೊಬ್ಬರು ಎತ್ತಿಕೊಂಡರು. ಕಾರ್ಯದರ್ಶಿ ಎರಡು ಸಲ ಟೋಪಿ ಹಾಕಿಕೊಂಡು ಎರಡು ಸಲ ತೆಗೆದರು. ಪ್ರಾರ್ಥನೆಯ ವೇಳೆಯಲ್ಲಿ ಇಷ್ಟು ಮಾತಾಡಬಹುದೇ ಎಂದು ಎಲಿಯೋದೊರೊ ಯಾರನ್ನೋ ಕೇಳಿದ. ಪಾಸ್ಟರುಗಳು ಆಡಿದರೆ ಅದು ಮಾತಲ್ಲ, ಬೋಧನೆ ಎಂದು ಉತ್ತರ ಬಂತು.

ಡೋನ್ ಗೊಯೊ ಹೊರಗೆ ಹೋದ. ಹಾರೆಯಿಂದ ಏನನ್ನೋ ಕುಟ್ಟುವ ಸದ್ದು ಕೇಳಿಸಿತು. ಕಲ್ಲನ್ನು ಕುಟ್ಟಿದಂತಿತ್ತು.

"ಆಯ್ತು," ಎಂದ ಅವನು ಒಳಗೆ ಬಂದು. "ತಳ್ಳುಗಾಡಿನೂ ಹೋಯ್ತು ಅದರ್ ಜೊತೆಗೆ."

ಬೌದಿಲಿಯೊಗೆ ಇನ್ನು ಸಾಧ್ಯವಿರಲಿಲ್ಲ. ಕಾಲು ಜೋಮು ಹಿಡಿದಿತ್ತು, ಬೆನ್ನು ಉರಿಯುತ್ತಿತ್ತು, ಎರಡು ಲೋಟ ಜೋಳದ ಕಷಾಯ ಹೊರಗೆ ಹೋಗಲು ದಾರಿ ಕೇಳುತ್ತಿತ್ತು. ಅವನು ತಲೆಯೆತ್ತಿ ಕಣ್ಣು ತೆರೆದ. ಮೇಲಿನ ಕೇರಿ, ಕೆಳಗಿನ ಕೇರಿ, ಹಂದಿಯ ಒಡತಿ, ಫುಟ್‌ಬಾಲ್ ತಂಡ, ಹೆಂಡತಿ, ಎಲ್ಲರೂ ಕಾದು ನೋಡುತ್ತಿದ್ದರು. ಆಮೆನ್ ಎಂದು ಎದ್ದುಬಿಡಬೇಕು ಎಂದುಕೊಂಡಿದ್ದ. ಆದರೆ ಇಬ್ಬರು ಪಾಸ್ಟರುಗಳೂ ಅವನ ಕೈಗಳನ್ನು ಇನ್ನೂ ಹಿಡಿದಿದ್ದರು. ಅಷ್ಟು ಹತ್ತಿರದಿಂದ ದೇವರ ಸೇವಕರು ಕಣ್ಣಲ್ಲಿ ಕಣ್ಣಿಟ್ಟು ನೋಡುತ್ತಿರುವಾಗ ಸುಳ್ಳು ನಿಭಾಯಿಸುವ ಅಭ್ಯಾಸ ಅವನಿಗಿರಲಿಲ್ಲ.

"ಕ್ಷಮಿಸಿ," ಎಂದ. "ನಾನು ಪ್ರಾರ್ಥನೆ ಮಾಡ್ತಿರ್ಲಿಲ್ಲ. ನಿದ್ದೆ ಮಾಡ್ಬಿಟ್ಟಿದ್ದೆ. ಮೊದಲ್ನೇ ದಿನದಿಂದ ನಿದ್ದೆನೇ. ಆಮೆನ್."

ಯಾರೂ ಆಮೆನ್ ಎನ್ನಲಿಲ್ಲ. ಓತಿಲಿಯಾ ಕಣ್ಣು ಮುಚ್ಚಿಕೊಂಡಳು. ಕ್ಲೆಮೆನ್ಸಿಯಾ ಹಣೆ ಚಚ್ಚಿಕೊಂಡಳು.

ನಿಕಾನೋರ್ ನಿಧಾನವಾಗಿ ಎದ್ದುನಿಂತರು. ಅವರ ಕಣ್ಣಲ್ಲಿ ನೀರಿತ್ತು.

"ಕೇಳಿದ್ರಾ?" ಎಂದರು ಜನರಿಗೆ. "ನಿದ್ದೆ ಮಾಡ್ತಿದ್ದೆ ಅಂತಾನೆ. ತನ್ನ ಮೇಲೆ ಹಾಕ್ಕೊಂಡು ಹೇಳ್ತಿದಾನೆ. ಯಾರಿಗೆ ಹೇಳಿದ್ದು ಇದು? ನನಗೆ. ಎಂಟು ವರ್ಷದಿಂದ ನಿದ್ದೆ ಮಾಡ್ತಿರೋನು ನಾನು."

"ನೀನೊಬ್ನೇ ಅಲ್ಲ," ಎಂದರು ಫೆಲಿಸಿಯಾನೊ, ತಾವೂ ಎದ್ದು. "ನನಗೂ ಹೇಳಿದ್ದು."

"ಮುಖ್ಯವಾಗಿ ನನಗೆ."

"ಅವನು ನನ್ ಕಡೆ ನೋಡಿ ಹೇಳಿದ."

"ನಾನು ನಿನಗಿಂತ ಜಾಸ್ತಿ ನಿದ್ದೆ ಮಾಡಿದೀನಿ ಫೆಲಿಸಿಯಾನೊ, ವಾದ ಮಾಡ್ಬೇಡ."

"ಇಲ್ಲ, ನಿಜವಾಗ್ಲೂ," ಎಂದ ಬೌದಿಲಿಯೊ. "ಗೊರಕೆ ಹೊಡೀತಿದ್ದೆ. ಕ್ಲೆಮೆನ್ಸಿಯಾನ ಕೇಳಿ."

"ಎಷ್ಟು ತಗ್ಗಿಸ್ಕೋತಾರೆ ನೋಡಿ ತಮ್ಮನ್ನ," ಎಂದು ಡೋನ್ಯಾ ಎಫಿಹೇನಿಯಾ ಸೆರಗಿಲ್ಲದ ಕಾರಣ ಏಪ್ರನ್ನಿನಲ್ಲಿ ಕಣ್ಣೊರೆಸಿಕೊಂಡಳು.

ಎಲ್ಲರೂ ಕ್ಲೆಮೆನ್ಸಿಯಾಳ ಕಡೆ ತಿರುಗಿದರು. ಅವಳು ಗಂಡನನ್ನು ನೋಡಿದಳು, ಓತಿಲಿಯಾಳ ಒಲೆಯನ್ನು ನೋಡಿದಳು.

"ಗೊರಕೆನಾ?" ಎಂದಳು. "ನಮ್ಮೋರಾ? ನಾನಂತೂ ಕೇಳಿಲ್ಲಪ್ಪ."

ಆಮೆನ್ ಆಗ ಬಂತು. ಎಡ ಬಲ ಬೆರೆತು ನಿಂತಿದ್ದರಿಂದ ಯಾವ ಕೇರಿಯವರದು ಜೋರಾಗಿತ್ತು ಎಂದು ಹೇಳಲಾಗುವುದಿಲ್ಲ. ಬೌದಿಲಿಯೊ ಹಿತ್ತಿಲ ಕಡೆಗೆ ಓಡಿದ.

ಅವನು ತಿರುಗಿ ಬಂದಾಗ ಕಾರ್ಯದರ್ಶಿಗಳ ಕಾಗದ ಮೇಜಿನ ಮೇಲೆ ಸಹಿಯಿಲ್ಲದೆ ಬಿದ್ದಿತ್ತು. ಅದರ ಮೇಲೆ ಕಾಫಿಯ ಲೋಟವಿತ್ತು. ಕಾರ್ಯದರ್ಶಿಗಳು ಮುಂದಿನ ತಿಂಗಳು ಬರುವುದಾಗಿ ಹೇಳಿ, ಉಳಿದ ಬಿಸ್ಕತ್ತುಗಳನ್ನು ಜೇಬಿಗೆ ಹಾಕಿಕೊಂಡು ಹೊರಟುಹೋಗಿದ್ದರು. ಮುಂದಿನ ತಿಂಗಳು ಅವರನ್ನು ಯಾರೂ ಕರೆಯಲಿಲ್ಲ. ಎರಡು ಸಭೆಗಳು ಒಂದಾಗಲೂ ಇಲ್ಲ. ಕಾಫಿ ಮೊದಲೋ ನಂತರವೋ ಎಂಬುದು ಇನ್ನೂ ಇತ್ಯರ್ಥವಾಗಬೇಕಾಗಿದೆ.

ಶನಿವಾರ ಬೆಳಿಗ್ಗೆ ಬೌದಿಲಿಯೊ ಕೆಲಸ ಮುಗಿಸಿ ಅಂಗಡಿಗೆ ಬಂದ. ಮಧ್ಯದ ಮೇಜಿನಲ್ಲಿ ಪಾಸ್ಟರ್ ನಿಕಾನೋರ್ ಮತ್ತು ಪಾಸ್ಟರ್ ಫೆಲಿಸಿಯಾನೊ ಎದುರುಬದುರು ಕೂತು, ತೊಲೆ ಜಾರಿತೋ ಕೈಬಿಟ್ಟದ್ದೋ ಎಂಬುದನ್ನು ಮೇಜು ಕುಟ್ಟಿ ಚರ್ಚಿಸುತ್ತಿದ್ದರು. ಎರಡೂ ಕೇರಿಯವರು ಸುತ್ತ ನಿಂತು ಸಾಕ್ಷಿ ಹೇಳುತ್ತಿದ್ದರು. ಓತಿಲಿಯಾ ಮೂರನೆಯ ಪಾತ್ರೆ ಕಾಫಿಯನ್ನು ಒಲೆಗಿಟ್ಟಿದ್ದಳು. ಬೌದಿಲಿಯೊ ಬಾಗಿಲಲ್ಲಿ ನಿಂತು ನೋಡಿ, ಚೌಕ ದಾಟಿ ಪುರಸಭೆಯ ಕಚೇರಿಗೆ ಹೋದ. ಅಲ್ಲಿ ಅರ್ಜಿದಾರರು ಕಾಯುವ ಬೆಂಚಿನ ಮೇಲೆ ಕೂತು ತಲೆ ಬಗ್ಗಿಸಿದ. ಮಧ್ಯಾಹ್ನ ಕಚೇರಿ ಮುಚ್ಚುವವರೆಗೆ ಯಾರೂ ಅವನನ್ನು ಏನೂ ಕೇಳಲಿಲ್ಲ.